ಲೋಹ ಇಲ್ಲ, ಧೂಳಿಲ್ಲ. ಹಂಗಾದ್ರ ಮೊದಲನೇ ಚಿಕ್ಕಿ ಹುಟ್ಟೂ ಮುಂದ ಗ್ಯಾಸು ತಣ್ಣಗಾಗಿದ್ದು ಹೆಂಗ?

ಬೆಟಗೇರಿ ಮಾಸ್ತರ:

ಬಿಎಸ್ಸಿ ಮೊದಲ ವರ್ಷದ ಹುಡುಗರ ಸಲುವಾಗಿ ಗ್ವಾಡಿಗೆ ಹಚ್ಚೂ ಚಾರ್ಟ್ ಒಂದು ತಯಾರ್ ಆಗಬೇಕಾಗೈತಿ. ವಿಷಯ, ವಿಶ್ವದಾಗ ಮೊದಲನೇ ಚಿಕ್ಕಿ ಹುಟ್ಟಿದ್ದು. "ಗುರುತ್ವದಿಂದ ಮೋಡ ಕುಸಿದು ಚಿಕ್ಕಿ ಆತು" ಅಂತ ಒಂದು ಸಾಲು ಬರದು ಬಿಟ್ರ ಹುಡುಗರು ಕೈ ಎತ್ತೂದು ಗ್ಯಾರಂಟಿ.

ಗ್ಯಾಸ್ ಒತ್ತಿದ್ರ ಬಿಸಿ ಆಗತೈತಿ, ಸೈಕಲ್ ಪಂಪ್ ಹೊಡದಾವ್ರಿಗೆ ಗೊತ್ತು. ಬಿಸಿ ಏರಿದ್ರ ಒತ್ತಡ ಏರತೈತಿ, ಕುಸಿಯೂದು ನಿಂತ ಹೋಗತೈತಿ. ಈಗಿನ ಮೋಡದಾಗ ಕಾರ್ಬನ್ ಮಾನಾಕ್ಸೈಡ್ ಮತ್ತ ಧೂಳಿನ ಕಣ ಸೇರಿ ಶಾಖ ಹೊರಗ ಚೆಲ್ಲಿ ಗ್ಯಾಸನ್ನ 10 ಕೆಲ್ವಿನ್ ಆಸುಪಾಸಿಗೆ ಇಳಸತಾವ. ಆಗ ಧೂಳೂ ಇಲ್ಲ, ಲೋಹಾನೂ ಇಲ್ಲ (ಕಾರ್ಬನ್, ಆಕ್ಸಿಜನ್ನಿನಂಥಾ ಭಾರದ ಮೂಲವಸ್ತುಗಳಿಗೆಲ್ಲಾ ಖಗೋಳದಾಗ ಲೋಹ ಅಂತಾರ). ಇದ್ದದ್ದು ತೂಕದ ಲೆಕ್ಕದಾಗ ಸುಮಾರು 75% ಹೈಡ್ರೋಜನ್, 25% ಹೀಲಿಯಂ, ಹಲ್ಲಿಗೂ ಹತ್ತದಷ್ಟು ಡ್ಯೂಟೀರಿಯಂ, ಲಿಥಿಯಂ. ಮತ್ತ ಶಾಖ ಹೊರಗ ಒಯ್ದಾವ್ರು ಯಾರು?

ಹೈಡ್ರೋಜನ್ ಅಣು ಒಯ್ತು ಅಂತ ಓದೇನಿ. ಆದ್ರ ಎರಡು ಹೈಡ್ರೋಜನ್ ಪರಮಾಣು ಡಿಕ್ಕಿ ಹೊಡದ ಮಾತ್ರಕ್ಕ ಅಂಟಂಗಿಲ್ಲ. ಇವತ್ತು ಅವು ಧೂಳಿನ ಕಣದ ಮ್ಯಾಲ ಕುಂತು ಕೂಡತಾವ. ಧೂಳ ಇಲ್ಲದಾಗ ಅಣು ಹೆಂಗಾತು? ಇನ್ನೊಂದು, ಒಂದ ಕಡೆ ಮೊದಲ ಚಿಕ್ಕಿ ಸೂರ್ಯನ ನೂರಾರು ಪಟ್ಟು ಅಂತಾರ, ಮತ್ತೊಂದ ಕಡೆ 40 ಪಟ್ಟು ಅಂತಾರ. ಚಾರ್ಟಿನ್ಯಾಗ ಯಾವುದು ಹಾಕ್ಲಿ? ಅಂಕಿ ಸಮೇತ ಹೇಳ್ರಿ.

ಉಣಕಲ್ ದಂಡಿ:

ಮಾಸ್ತರ, ತೊಡಕು ಎಲ್ಲಿ ಅದನೋ ಅಲ್ಲೇ ಕೈ ಇಟ್ಟೀರಿ.

ಬ್ಯಾಸಗಿಯೊಳಗ ಮಣ್ಣಿನ ಗಡಿಗಿ ನೀರು ತಣ್ಣಗ ಇಡತದ, ಸ್ಟೀಲ್ ಕೊಡ ಇಡಂಗಿಲ್ಲ. ಗಡಿಗಿಗೆ ಸಣ್ಣ ಸಣ್ಣ ತೂತು ಅವ, ನೀರು ಜಿನುಗಿ ಆರಿ ಶಾಖ ಒಯ್ತದ. ಗ್ಯಾಸಿಗೂ ಅಂಥಾ ತೂತು ಬೇಕು. ಇಲ್ಲಿ ತೂತು ಅಂದ್ರ, ಡಿಕ್ಕಿ ತಿಂದು ಒಂದು ಮೆಟ್ಟಲ ಏರಿ, ಬೆಳಕು ಬಿಟ್ಟು ಇಳಿಯೂ ಅವಕಾಶ. ಹೈಡ್ರೋಜನ್ ಪರಮಾಣುವಿನ ಮೊದಲನೇ ಮೆಟ್ಟಲ 10.2 ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯ ಅಳತಿ) ಎತ್ತರ. ಅದನ್ನ ಏರಲಿಕ್ಕೆ ಗ್ಯಾಸ್ 8000 ಕೆಲ್ವಿನ್ ಆದ್ರೂ ಇರಬೇಕು. ಹೀಲಿಯಂ ಮೆಟ್ಟಲ 20ರ ಹತ್ತರ, ಅದನ್ನ ಕೇಳೂದ ಬ್ಯಾಡ. ಅಂದ್ರ 8000ದ ಕೆಳಗ ಬರೇ ಪರಮಾಣುಗಳ ಗ್ಯಾಸು ಸ್ಟೀಲ್ ಕೊಡ ಇದ್ದಂಗ.

ಈಗ ಆ ಗ್ಯಾಸು ಎಷ್ಟು ಬಿಸಿ ಇತ್ತು ನೋಡೋಣು. ವಿಶ್ವಕ್ಕ 3.8 ಲಕ್ಷ ವರ್ಷ ಆದಾಗ ತಾಪ 3000 ಕೆಲ್ವಿನ್ನಿಗೆ ಇಳಿದು ಪರಮಾಣು ಆದ್ವು. ಆಗ ಸಾಂದ್ರತೆಯ ಏರಿಳಿತ ಒಂದು ಲಕ್ಷಕ್ಕ ಒಂದು ಪಾಲಿನಷ್ಟ. ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದ ಮಾತ್ರ ಗೊತ್ತಾಗೂ ವಸ್ತು) ಮ್ಯಾಲ ಬೆಳಕಿನ ಒತ್ತಡ ನಡೆಯಂಗಿಲ್ಲ, ಅದಕ್ಕ ಅದು ಮೊದಲೇ ಗುಂಪು ಕಟ್ಟಲಿಕ್ಕೆ ಸುರು ಮಾಡಿತ್ತು. 10ರಿಂದ 20 ಕೋಟಿ ವರ್ಷದ ಹೊತ್ತಿಗೆ, ಅಂದ್ರ ರೆಡ್‌ಶಿಫ್ಟ್ 30ರಿಂದ 20ರ ನಡುವ (ವಿಶ್ವ ಹಿಗ್ಗಿದ್ದಕ್ಕ ಬೆಳಕಿನ ಅಲಿ ಎಷ್ಟು ಉದ್ದ ಆತು ಅನ್ನೂ ಅಳತಿ ಇದು; ಅಂಕಿ ದೊಡ್ಡದಾದಷ್ಟು ಕಾಲ ಹಳೇದು), 1 ಲಕ್ಷದಿಂದ 10 ಲಕ್ಷ ಸೂರ್ಯರ ತೂಕದ ಗುಂಪು ಆದ್ವು. ಅದರಾಗ ಗ್ಯಾಸ್ ಆರರಾಗ ಒಂದು ಪಾಲು. ದೊಡ್ಡ ಗುಂಪಿನ ತ್ರಿಜ್ಯ ಸುಮಾರು 300 ಜ್ಯೋತಿರ್ವರ್ಷ. ಇಂಥಾ ಗುಂಪಿನ್ಯಾಗ ಬಿದ್ದ ಗ್ಯಾಸು 1000ದಿಂದ 2000 ಕೆಲ್ವಿನ್ ತನಕ ಕಾಯ್ತದ, ಅಷ್ಟ. 8000 ಮುಟ್ಟಂಗಿಲ್ಲ. ಹೈಡ್ರೋಜನ್ ಅಣು ಇಲ್ಲಾಂದ್ರ ಅಲ್ಲೇ ಉಳೀತಿತ್ತು.

ಅಣು ಆಗೂದು ಹೆಪ್ಪಿನ ಹಂಗ. ಪರಮಾಣು ಆಗೂ ಕಾಲಕ್ಕ ಎಲ್ಲಾ ಎಲೆಕ್ಟ್ರಾನೂ ಜೋಡಿ ಸಿಕ್ಕು ಕೂಡಲಿಲ್ಲ. 10,000 ಪರಮಾಣುವಿಗೆ ಒಂದೆರಡು ಬಿಡಿ ಎಲೆಕ್ಟ್ರಾನ್ ಉಳದ್ವು. ಅಂಥಾ ಎಲೆಕ್ಟ್ರಾನ್ ಒಂದು ಹೈಡ್ರೋಜನ್ ಪರಮಾಣುವಿಗೆ ಹತ್ತಿ, ಒಂದು ಫೋಟಾನ್ (ಬೆಳಕಿನ ಕಣ) ಬಿಟ್ಟು, ಋಣ ಹೈಡ್ರೋಜನ್ ಅಯಾನ್ ಆಗತದ. ಆ ಅಯಾನಿಗೆ ಇನ್ನೊಂದು ಹೈಡ್ರೋಜನ್ ಪರಮಾಣು ಬಡದ್ರ ಅಣು ಆಗಿ, ಎಲೆಕ್ಟ್ರಾನ್ ಹೊರಗ ಬೀಳತದ. ಉಳದ ಶಕ್ತಿ ಅದ ಒಯ್ತದ. ಹಾಲಿಗೆ ಹಾಕಿದ ಹೆಪ್ಪು ಮತ್ತ ಮರುದಿನದ ಹಾಲಿಗೂ ಬಂದಂಗ, ಅದ ಎಲೆಕ್ಟ್ರಾನು ಮತ್ತೊಂದು ಜೋಡಿ ಕೂಡಸಲಿಕ್ಕೆ ಹೋಗತದ. ಪ್ರೋಟಾನ್ ಸಿಕ್ಕು ಅದರ ಜೋಡಿ ಕೂಡಿಬಿಟ್ರ ಮಾತ್ರ ಹೆಪ್ಪು ಖಾಲಿ.

ಇದು ಮೊದಲೇ ಯಾಕ ಆಗಲಿಲ್ಲ ಅಂತ ಹುಡುಗರು ಕೇಳೇ ಕೇಳತಾರ. ಋಣ ಅಯಾನಿನ ಕಟ್ಟು ಭಾಳ ಸಡಲು, 0.75 ಎಲೆಕ್ಟ್ರಾನ್ ವೋಲ್ಟ್. ರೆಡ್‌ಶಿಫ್ಟ್ 100ರ ತನಕ ವಿಶ್ವದ ಆರಂಭದಿಂದ ಎಲ್ಲಾ ಕಡೆ ಉಳದ ಬೆಳಕು, ಅಂದ್ರ ಹಿನ್ನೆಲೆ ವಿಕಿರಣದ ಫೋಟಾನುಗಳೇ ಅದನ್ನ ಒಡದು ಹಾಕತಿದ್ವು. ಆಮ್ಯಾಲ ಗುಂಪಿನೊಳಗಿನ ದಟ್ಟ ಗ್ಯಾಸಿನ್ಯಾಗ 10,000 ಪರಮಾಣುವಿಗೆ ಐದರ ಸುತ್ತ ಅಣು ಆದ್ವು. ಇಷ್ಟ ಸಾಕು, ತಂಪು ಸುರು.

ಆದ್ರ ಇದು ಭಾಳ ಸಣ್ಣ ತೂತಿನ ಗಡಿಗಿ. ಹೈಡ್ರೋಜನ್ ಅಣುವಿನ ಎರಡೂ ತುದಿ ಒಂದೇ ನಮೂನಿ, ಅದಕ್ಕ ದ್ವಿಧ್ರುವ (ಒಂದು ತುದಿ ಧನ, ಇನ್ನೊಂದು ಋಣ ಆಗೂದು) ಇಲ್ಲ, ಬೆಳಕು ಬಿಡೂದು ಬಲು ನಿಧಾನ. ಕೆಳಗಿನ ಮೆಟ್ಟಲ, ಶಕ್ತಿಯನ್ನ ತಾಪದ ಲೆಕ್ಕಕ್ಕ ತಂದ್ರ, 510 ಕೆಲ್ವಿನ್ ಎತ್ತರದ್ದು, ಅಲ್ಲಿಂದ ಇಳಿಯೂವಾಗ ಬರೂ ಬೆಳಕು 28 ಮೈಕ್ರಾನಿನ ಅವಕೆಂಪು. ಹಂಗ ಒಂದು ಸಲ ಇಳೀಲಿಕ್ಕೆ ಒಂದು ಅಣು ಸರಾಸರಿ ಸುಮಾರು 1000 ವರ್ಷ ತಗೋತದ. ಗ್ಯಾಸಿನ್ಯಾಗ ವೇಗದಲ್ಲಿ ಮುಂದಿರೂ ಕೆಲವು ಕಣಗಳು 510ರ ಮೆಟ್ಟಲ ಏರಸತಾವ, ಹಿಂಗಾಗಿ ತಾಪ 200 ಕೆಲ್ವಿನ್ ತನಕ ಎಳದು ತರಬಹುದು. ಅದರ ಕೆಳಗ ಮೆಟ್ಟಲ ಏರಸೂ ಕಣಾನೇ ಉಳಿಯಂಗಿಲ್ಲ. ಘನ ಸೆಂಟಿಮೀಟರಿಗೆ 10,000 ಪರಮಾಣು ಆಗೂದ್ರಾಗ ಇನ್ನೊಂದು ತಡಿ: ಅಣು ಬೆಳಕು ಬಿಡೂ ಮೊದಲೇ ಮುಂದಿನ ಡಿಕ್ಕಿ ಬಂದು ಅದನ್ನ ಇಳಿಸಿಬಿಡತದ, ಶಾಖ ಗ್ಯಾಸಿನೊಳಗ ಉಳೀತದ.

ಈ ಎರಡು ಅಂಕಿ, 200 ಕೆಲ್ವಿನ್ ಮತ್ತು 10,000, ಚಾರ್ಟಿನ ನಟ್ಟನಡುವ ದೊಡ್ಡದಾಗಿ ಬರೀರಿ. ಇಲ್ಲಿ ಗ್ಯಾಸು ಸ್ವಲ್ಪ ಹೊತ್ತು ನಿಂದರ್ತದ. ಒತ್ತಡಾನ ಮೀರಿ ಕುಸೀಲಿಕ್ಕೆ ಬೇಕಾದ ಕನಿಷ್ಠ ತೂಕ, ಜೀನ್ಸ್ ರಾಶಿ, ಈ ಅಂಕಿಗೆ 500ರಿಂದ 1000 ಸೂರ್ಯರಷ್ಟು ಬರತದ. ತಾಪದ ಒಂದೂವರೆ ಘಾತಕ್ಕ ಏರೂದು ಅದು. ಇವತ್ತಿನ 10 ಕೆಲ್ವಿನ್ ಹಾಕಿದ್ರ ಅದೇ ಸಾಂದ್ರತೆಯೊಳಗ 90 ಪಟ್ಟು ಸಣ್ಣದಾಗತದ. ದೊಡ್ಡ ಚಿಕ್ಕಿ ಯಾಕ ಅನ್ನೂದಕ್ಕ ಅರ್ಧ ಉತ್ತರ ಇದು.

ಬೆಟಗೇರಿ ಮಾಸ್ತರ:

ಹೆಪ್ಪಿನ ಮಾತು ಚಾರ್ಟಿಗೆ ಹೋತು. ಅರ್ಧ ಉತ್ತರ ಅಂದ್ರಿ, ಉಳದರ್ಧ? 1000 ಸೂರ್ಯರ ತೂಕದ ಉಂಡಿ ಕುಸಿದ್ರ 1000 ಪಟ್ಟಿನ ಒಂದ ಚಿಕ್ಕಿ ಆಗಬೇಕಲ್ರಿ? ಮತ್ತ 10,000ದಲ್ಲಿ ಅಣು ಬೆಳಕು ಬಿಡೂದು ಬಿಗಿ ಆತು ಅಂದ ಮ್ಯಾಲ ಮುಂದ ತಣ್ಣಗ ಮಾಡಿದ್ದು ಯಾರು?

ಸಪ್ತಾಪುರ:

ಉಣಕಲ್ ಅವರು ನಿಲ್ಲಿಸಿದಲ್ಲಿಂದ ಮುಂದುವರಿಸುತ್ತೇನೆ. ಉಂಡಿ ಬೇರೆ, ನಕ್ಷತ್ರ ಬೇರೆ. ಈ ಎರಡನ್ನು ಒಂದೇ ಎಂದು ಬರೆದಿದ್ದರಿಂದಲೇ ಹಳೆಯ ಲೇಖನಗಳಲ್ಲಿ ನೂರಾರು ಪಟ್ಟು ಎಂಬ ಅಂಕಿ ಉಳಿದುಕೊಂಡಿದೆ.

ಸಾಂದ್ರತೆ ಘನ ಸೆಂಟಿಮೀಟರಿಗೆ 10 ಕೋಟಿ ದಾಟಿದಾಗ ಹೊಸ ದಾರಿ ತೆರೆಯುತ್ತದೆ. ಮೂರು ಹೈಡ್ರೋಜನ್ ಪರಮಾಣುಗಳು ಒಟ್ಟಿಗೆ ಡಿಕ್ಕಿಯಾಗಿ ಎರಡು ಕೂಡುತ್ತವೆ, ಮೂರನೆಯದು ಹೆಚ್ಚುವರಿ ಶಕ್ತಿ ಹೊತ್ತು ಓಡುತ್ತದೆ. ಎಲೆಕ್ಟ್ರಾನಿನ ಹಂಗು ಮುಗಿಯಿತು. ಇನ್ನೊಂದು ಸಾವಿರ ಪಟ್ಟು ದಟ್ಟವಾಗುವಷ್ಟರಲ್ಲಿ ಒಳಗಿನ ಗ್ಯಾಸು ಬಹುಪಾಲು ಅಣುರೂಪಕ್ಕೆ ಬರುತ್ತದೆ. ಅಣು ಹೆಚ್ಚಿದ್ದರಿಂದ ತಂಪೂ ಹೆಚ್ಚಬೇಕು, ಆದರೆ ಪ್ರತಿ ಅಣು ಕಟ್ಟುವಾಗ 4.48 ಎಲೆಕ್ಟ್ರಾನ್ ವೋಲ್ಟ್ ಶಾಖ ಬಿಡುಗಡೆಯಾಗುತ್ತದೆ. ಹೀಗಾಗಿ ತಾಪ ಇಳಿಯುವುದಿಲ್ಲ, 1000 ಕೆಲ್ವಿನ್ ಕಡೆಗೆ ನಿಧಾನ ಏರುತ್ತ ಹೋಗುತ್ತದೆ. 1000 ಕೋಟಿಯ ಆಚೆ ಅಣುವಿನ ರೇಖೆಗಳಿಗೆ ಗ್ಯಾಸು ಅಪಾರದರ್ಶಕ. ಕೋಟಿ ಕೋಟಿ, ಅಂದರೆ 10ರ ಘಾತ 14ರ ಹತ್ತಿರ, ಡಿಕ್ಕಿಯ ಗಳಿಗೆಯಲ್ಲಿ ಎರಡು ಅಣುಗಳ ಜೋಡಿಗೆ ತಾತ್ಕಾಲಿಕ ದ್ವಿಧ್ರುವ ಬಂದು ಅವು ಬೆಳಕು ಬಿಡುತ್ತವೆ. ಇದು ಕೊನೆಯ ಕಿಂಡಿ. 10ರ ಘಾತ 16ರಲ್ಲಿ ಅದೂ ಮುಚ್ಚುತ್ತದೆ. ಆಮೇಲೆ ತಾಪ 2000 ದಾಟಿ ಅಣುಗಳೇ ಒಡೆಯುತ್ತವೆ. ಕುಸಿತದ ಶಕ್ತಿಯನ್ನು ಆ ಒಡೆತ ನುಂಗುತ್ತದೆ. ಅಣು ತೀರಿದಾಗ ಕುಸಿತ ನಿಂತು ಬೀಜನಕ್ಷತ್ರ ಹುಟ್ಟುತ್ತದೆ.

ಅದರ ತೂಕ ಸೂರ್ಯನ ನೂರರಲ್ಲಿ ಒಂದು ಪಾಲು. ಗುರುಗ್ರಹದ ಹತ್ತು ಪಟ್ಟು, ಅಷ್ಟೆ. ಎಲ್ಲ ಮೊದಲ ನಕ್ಷತ್ರಗಳೂ ಹುಟ್ಟುವಾಗ ಇಷ್ಟೇ ಸಣ್ಣವು. ದೊಡ್ಡದಾಗುವುದು ಆಮೇಲೆ ಸುರಿಯುವ ಗ್ಯಾಸಿನಿಂದ. ಸುರಿಯುವ ದರವೂ ತಾಪದ ಒಂದೂವರೆ ಘಾತದಂತೆ ಏರುತ್ತದೆ. ಇವತ್ತಿನ ಮೋಡದಲ್ಲಿ ವರ್ಷಕ್ಕೆ ಸೂರ್ಯನ ಹತ್ತು ಲಕ್ಷದಲ್ಲಿ ಒಂದೆರಡು ಪಾಲು ಬಿದ್ದರೆ, ಅಲ್ಲಿ ಸಾವಿರದಲ್ಲಿ ಒಂದು ಪಾಲು ಅಥವಾ ಇನ್ನೂ ಹೆಚ್ಚು. ಒಂದು ಲಕ್ಷ ವರ್ಷ ತಡೆಯಿಲ್ಲದೆ ಸುರಿದರೆ 100 ಸೂರ್ಯರು. ಉಳಿದರ್ಧ ಉತ್ತರ ಇದು.

ತಡೆಯಿಲ್ಲದೆ ಎಂಬುದೇ ಇಲ್ಲಿ ಗಂಟು. 2002ರಲ್ಲಿ ಏಬೆಲ್, ಬ್ರಯನ್, ನಾರ್ಮನ್ ನಡೆಸಿದ ಲೆಕ್ಕ ಬೀಜನಕ್ಷತ್ರದ ಹಂತಕ್ಕೆ ನಿಂತಿತ್ತು; ಸುತ್ತಲಿನ ಗ್ಯಾಸೆಲ್ಲ ಒಂದಕ್ಕೇ ಬೀಳುತ್ತದೆ ಎಂದುಕೊಂಡವರಿಗೆ ನೂರಾರು ಪಟ್ಟು ಸಿಕ್ಕಿತು. ಮುಂದೆ ಎರಡು ಸಂಗತಿ ಸೇರಿದವು. ಸುತ್ತುವ ಗ್ಯಾಸು ತಟ್ಟೆಯಾಗುತ್ತದೆ, ತಟ್ಟೆಗೆ ಮೇಲಿಂದ ಬೀಳುವ ಗ್ಯಾಸು ಅದು ಒಳಕ್ಕೆ ಸಾಗಿಸುವುದಕ್ಕಿಂತ ಹೆಚ್ಚಾದಾಗ ತಟ್ಟೆ ಒಡೆದು ತುಂಡುಗಳಾಗುತ್ತವೆ. 2011ರ ಸುಮಾರಿಗೆ ಬಂದ ಲೆಕ್ಕಗಳು ಇದನ್ನು ತೋರಿಸಿದವು. ಎರಡನೆಯದು, ನಕ್ಷತ್ರ ಇಪ್ಪತ್ತು ಮೂವತ್ತು ಪಟ್ಟು ಬೆಳೆದಾಗ ಅದರ ನೇರಳಾತೀತ ಬೆಳಕು ಧ್ರುವಗಳ ಕಡೆಯಿಂದ ಗ್ಯಾಸನ್ನು ಅಯಾನೀಕರಿಸಿ ಊದಿ, ಕಡೆಗೆ ತಟ್ಟೆಯನ್ನೂ ಆವಿಯಾಗಿಸುತ್ತದೆ. 2011ರಲ್ಲಿ ಹೊಸೊಕಾವಾ ಮತ್ತು ಜೊತೆಗಾರರ ಲೆಕ್ಕದಲ್ಲಿ ಬೆಳವಣಿಗೆ 43 ಸೂರ್ಯರಿಗೆ ನಿಂತಿತು. ನೀವು ಓದಿದ 40ರ ಮೂಲ ಬಹುಶಃ ಅದೇ. ಅದು ಒಂದು ಮೋಡದ ಕಥೆ. 2014ರಲ್ಲಿ ಹಿರಾನೊ ತಂಡ ನೂರಕ್ಕೂ ಹೆಚ್ಚು ಮೋಡಗಳನ್ನು ತೆಗೆದುಕೊಂಡಾಗ 10ರಿಂದ 1000 ಸೂರ್ಯರವರೆಗೆ ಹರಡಿಕೊಂಡಿತು. ಚಾರ್ಟಿನಲ್ಲಿ ಒಂದೇ ಅಂಕಿ ಹಾಕಬೇಡಿ. ಕೆಲವು ಹತ್ತರಿಂದ ಕೆಲವು ನೂರು, ಪಕ್ಕದಲ್ಲಿ ಸಣ್ಣ ತುಂಡುಗಳೂ ಇರಬಹುದು ಎಂದು ಬರೆಯಿರಿ. 0.8 ಸೂರ್ಯನಿಗಿಂತ ಹಗುರವಾದ ತುಂಡು ಉಳಿದಿದ್ದರೆ ಇಂದಿಗೂ ಉರಿಯುತ್ತಿರಬೇಕು. ಲೋಹ ಸೊನ್ನೆ ಇರುವ ಅಂಥ ನಕ್ಷತ್ರ ಈವರೆಗೆ ಸಿಕ್ಕಿಲ್ಲ.

ಡ್ಯೂಟೀರಿಯಂ ಹಲ್ಲಿಗೂ ಹತ್ತದಷ್ಟು ಎಂದಿರಿ, ನಿಜ. ಆದರೂ ಹೈಡ್ರೋಜನ್-ಡ್ಯೂಟೀರಿಯಂ ಅಣುವಿನ ಎರಡು ತುದಿ ಬೇರೆ ಬೇರೆ ತೂಕದವು, ಸಣ್ಣ ದ್ವಿಧ್ರುವ ಇದೆ, ಮೊದಲ ಮೆಟ್ಟಿಲು 128 ಕೆಲ್ವಿನ್ನಿನದು. ಗ್ಯಾಸು ಒಮ್ಮೆ ಅಯಾನೀಕರಣಗೊಂಡು ಎಲೆಕ್ಟ್ರಾನು ಹೇರಳವಾಗಿದ್ದಲ್ಲಿ ಈ ಅಣು 200ರ ಗೋಡೆ ದಾಟಿಸುತ್ತದೆ, ನಕ್ಷತ್ರ ಹಗುರಾಗುತ್ತದೆ. ಅಂದರೆ ಲೋಹ ಇಲ್ಲದ ನಕ್ಷತ್ರಗಳಲ್ಲೂ ಎರಡು ಬಗೆ.

ನುಗ್ಗಿಕೇರಿ:

ಅಂಕಿ ಬಾಯಿಪಾಠ ಮಾಡ್ಸೂದಕ್ಕಿಂತ ಹುಡುಗರ ಕೈಲೆ ಲೆಕ್ಕಾ ಮಾಡಸ್ರಿ ಮಾಸ್ತರ. ಸಾದಾ ಲ್ಯಾಪ್‌ಟಾಪ್ ಸಾಕು. ಮೋಡದ ನಡುವಿನ ಒಂದ ಒಂದು ಚುಕ್ಕಿ ಹಿಡದು, ಅಲ್ಲಿ ಸಾಂದ್ರತೆ ಏರಿದಂಗ ತಾಪ ಏನಾಗತೈತಿ ಅಂತ ನೋಡೂದು.

ಸುರುವಾತಿಗೆ ಘನ ಸೆಂಟಿಮೀಟರಿಗೆ 0.1 ಪರಮಾಣು, ತಾಪ 300 ಕೆಲ್ವಿನ್, ಎಲೆಕ್ಟ್ರಾನ್ ಪಾಲು 10,000ಕ್ಕ ಒಂದು, ಅಣುವಿನ ಪಾಲು 10 ಲಕ್ಷಕ್ಕ ಒಂದು. ಸಾಂದ್ರತೆ ಏರೂ ದರ ಅಂದ್ರ ಸಾಂದ್ರತೆ ಭಾಗಿಸು ಮುಕ್ತ ಪತನದ ಕಾಲ. ಆ ಕಾಲ, 5 ಕೋಟಿ ವರ್ಷವನ್ನ ಸಾಂದ್ರತೆಯ ವರ್ಗಮೂಲದಿಂದ ಭಾಗಿಸಿದ್ರ ಹೆಚ್ಚೂಕಡಿಮಿ ಬರತೈತಿ. 10,000 ಇದ್ದಾಗ 5 ಲಕ್ಷ ವರ್ಷ. ಶಕ್ತಿಯ ಸಮೀಕರಣದಾಗ ಒತ್ತೂದರ ಬಿಸಿ ಕೂಡಸ್ರಿ, ಅಣುವಿನ ತಂಪು ಕಳೀರಿ. ರಸಾಯನಕ್ಕ ಐದ ಕಣ ಸಾಕು: ಪರಮಾಣು, ಪ್ರೋಟಾನ್, ಎಲೆಕ್ಟ್ರಾನ್, ಋಣ ಅಯಾನ್, ಅಣು. ಕ್ರಿಯೆ ಐದಾರು.

ಮೊದಲ ತಂಪು ಪೂರಾ ಬಂದ್ ಮಾಡಿ ಓಡಸ್ರಿ. ಎರಡೂ ಅಕ್ಷ ಲಾಗ್ ಹಾಕಿ ಗೆರಿ ಎಳದ್ರ ಇಳಿಜಾರು ಮೂರರಾಗ ಎರಡು ಬರಲಿಕ್ಕೇ ಬೇಕು. ಬರಲಿಲ್ಲಂದ್ರ ಮುಂದ ಹೋಗಬ್ಯಾಡ್ರಿ, ಶಕ್ತಿಯ ಸಮೀಕರಣ ತಪ್ಪೈತಿ. ಆಮ್ಯಾಲ ತಂಪು ಹಚ್ಚಿದ್ರ, ಸಾಂದ್ರತೆ 1ರ ಆಸುಪಾಸು ತಾಪ 1000 ಮುಟ್ಟಿ, ಅಲ್ಲಿಂದ ಹೊಳ್ಳಿ ಇಳದು, 10,000ಕ್ಕ 200 ಆಗಿ, ಮತ್ತ ನಿಧಾನ ಏರತೈತಿ. ಆ ತಗ್ಗು ಕಣ್ಣಿಗೆ ಬಿತ್ತು ಅಂದ್ರ ಉಣಕಲ್ ಅವರು ಹೇಳಿದ್ದು ಪೂರಾ ತಿಳದಂಗ.

ಎಲ್ಲಿ ಕೆಡತೈತಿ ಅಂದ್ರ, ಋಣ ಅಯಾನ್ ಕ್ಷಣದಾಗ ಆಗಿ ಕ್ಷಣದಾಗ ಹೋಗತೈತಿ, ಕುಸಿತ ಮಾತ್ರ ಲಕ್ಷಗಟ್ಟಲೆ ವರ್ಷದ್ದು. ಇಂಥಾ ಲೆಕ್ಕಕ್ಕ ಸಾದಾ ರುಂಗೆ-ಕುಟ್ಟಾ (ಹೆಜ್ಜಿ ಹೆಜ್ಜಿಯಾಗಿ ಸಮೀಕರಣ ಬಿಡಸೂ ಪದ್ಧತಿ) ಹಾಕಿದ್ರ ರಾತ್ರಿಯೆಲ್ಲಾ ಓಡಿದ್ರೂ ಮುಗಿಯಂಗಿಲ್ಲ, ಇಲ್ಲಾ ಅಂಕಿ ಸಿಡದು ಹೋಗತಾವ. ಸೈಪೈ (ಪೈಥಾನ್ ಭಾಷೆಯ ಲೆಕ್ಕದ ಲೈಬ್ರರಿ) ಒಳಗ ಇಂಥಾ ಲೆಕ್ಕಕ್ಕಂತನ ಇರೂ ಬಿಡಿಎಫ್ ಪದ್ಧತಿ ಆರಿಸ್ರಿ. ಅಷ್ಟಕ್ಕ ಮುಗೀಲಿಲ್ಲ. ಅದರ ಡಿಫಾಲ್ಟ್ ನಿರಪೇಕ್ಷ ತಪ್ಪಿನ ಮಿತಿ 10 ಲಕ್ಷಕ್ಕ ಒಂದು, ನಿಮ್ಮ ಅಣುವಿನ ಸುರುವಾತಿನ ಪಾಲೂ ಅಷ್ಟ! ಅಂದ್ರ ಪ್ರೋಗ್ರಾಮಿಗೆ ಅಣು ಇದ್ದರೂ ಒಂದ, ಇಲ್ಲದಿದ್ದರೂ ಒಂದ. ಋಣ ಅಯಾನಂತೂ ಲೆಕ್ಕಕ್ಕ ಇಲ್ಲ. ಆ ಮಿತಿಯನ್ನ 10ರ ಘಾತ ಮೈನಸ್ 20ಕ್ಕ ಇಳಸ್ರಿ. ಇಳಸದಿದ್ರ ಎರರ್ ಬರಂಗಿಲ್ಲ, ಗೆರಿ ಚಂದನ ಬರತೈತಿ, ಉತ್ತರ ಮಾತ್ರ ತಪ್ಪು. ಅದಕ್ಕ ಇಷ್ಟು ಒತ್ತಿ ಹೇಳಾಕತ್ತೇನಿ.

ತಾಪ 50 ಕೆಲ್ವಿನ್ ಕೆಳಗ ಹೋತಂದ್ರ ಹಿನ್ನೆಲೆ ವಿಕಿರಣ ಮರತೀರಿ ಅಂತ ಅರ್ಥ. ರೆಡ್‌ಶಿಫ್ಟ್ 20ಕ್ಕ ಅದು 2.725 ಗುಣಿಸು 21, ಅಂದ್ರ 57 ಕೆಲ್ವಿನ್. ಗ್ಯಾಸಿನ ತಂಪಿನ ದರದಾಗಿಂದ 57ಕ್ಕ ಬರೂ ದರ ಕಳದ್ರ ಸರಿ ಆಗತೈತಿ. 10 ಕೋಟಿ ದಾಟಿದ ಮ್ಯಾಲ ತಾಪ ಧಡಕ್ಕನ ಬಿದ್ರ 4.48 ಎಲೆಕ್ಟ್ರಾನ್ ವೋಲ್ಟಿನ ಬಿಸಿ ಬಿಟ್ಟೀರಿ. ಅರ್ಗ್‌ನ್ಯಾಗ ಅದು 7.18 ಗುಣಿಸು 10ರ ಘಾತ ಮೈನಸ್ 12. ಗ್ಯಾಸು ಪೂರಾ ಅಣು ಆದಾಗ ಪಾಲು 0.5 ಬರತೈತಿ, 1 ಅಲ್ಲ. ಆವಾಗ ಗಾಮಾನೂ (ಗ್ಯಾಸಿನ ಎರಡು ಶಾಖ ಧಾರಣೆಗಳ ಅನುಪಾತ) ಮೂರರಾಗ ಐದು ಇದ್ದದ್ದು ಐದರಾಗ ಏಳಾಗತೈತಿ. ಮೂರು ಪರಮಾಣುವಿನ ಕ್ರಿಯೆಯ ದರ ಒಬ್ಬೊಬ್ಬರ ಕೋಷ್ಟಕದಾಗ ಹತ್ತಾರು ಪಟ್ಟು ವ್ಯತ್ಯಾಸ ಇರತಾವ, ಎರಡು ಗುಂಪಿನ ಹುಡುಗರಿಗೆ ಬ್ಯಾರೆ ಬ್ಯಾರೆ ಗೆರಿ ಬಂದ್ರ ಜಗಳ ಹಚ್ಚಬ್ಯಾಡ್ರಿ, ಎರಡೂ ತೋರಸ್ರಿ. ಡ್ಯೂಟೀರಿಯಂ ಎರಡನೇ ವಾರಕ್ಕ ಇಡ್ರಿ.

ಬೆಟಗೇರಿ ಮಾಸ್ತರ:

ಭಾಳ ಉಪಕಾರ ಆತ್ರಿ ಎಲ್ಲಾರದೂ. ಚಾರ್ಟಿನ ಕಡೀ ಮೂಲ್ಯಾಗ "2018ರಾಗ 78 ಮೆಗಾಹರ್ಟ್ಸಿನ್ಯಾಗ ಮೊದಲ ಚಿಕ್ಕಿಗಳ ಗುರುತು ಸಿಕ್ತು" ಅಂತ ಬರದೇನಿ. ಅದು ಇರ್ಲಿ ಏನು?

ಹಾವೇರಿ ರೇಡಿಯೊ:

ಹಂಗ ಇಡಬ್ಯಾಡ್ರಿ. ಹೈಡ್ರೋಜನ್ ಪರಮಾಣುವಿನ 21 ಸೆಂಟಿಮೀಟರ್ ಅಲಿ 1420 ಮೆಗಾಹರ್ಟ್ಸ್. ರೆಡ್‌ಶಿಫ್ಟ್ 17ರಿಂದ ಹೊಂಟದ್ದು ಇಲ್ಲಿಗೆ ಮುಟ್ಟೂದ್ರಾಗ 18ರಿಂದ ಭಾಗ ಆಗಿ 79ರ ಹತ್ತರ ಬರತೈತಿ. ಮೊದಲ ಚಿಕ್ಕಿಗಳ ನೇರಳಾತೀತ ಬೆಳಕು ಆ ಗ್ಯಾಸಿನ ಸ್ಪಿನ್ ಮೆಟ್ಟಲಗಳನ್ನ (ಪರಮಾಣುವಿನ ಎಲೆಕ್ಟ್ರಾನ್, ಪ್ರೋಟಾನ್ ಸ್ಪಿನ್ ಒಂದೇ ದಿಕ್ಕೋ ಉಲ್ಟಾನೋ ಅನ್ನೂದರಿಂದ ಆಗೂ ಸಣ್ಣ ಶಕ್ತಿ ಅಂತರ) ಅಲುಗಾಡಿಸಿದ್ರ ಹಿನ್ನೆಲೆ ವಿಕಿರಣದಾಗ ಒಂದು ತಗ್ಗು ಬೀಳಬೇಕು. ಪಶ್ಚಿಮ ಆಸ್ಟ್ರೇಲಿಯಾದಾಗಿದ್ದ ಎಡ್ಜಸ್ ಆಂಟೆನಾ 78 ಮೆಗಾಹರ್ಟ್ಸಿನ್ಯಾಗ ಅರ್ಧ ಕೆಲ್ವಿನ್ ತಗ್ಗು ಕಂಡೈತಿ ಅಂತ ಹೇಳಿತು, ಲೆಕ್ಕಕ್ಕ ಸಿಗೂ ಗರಿಷ್ಠದ ಎರಡು ಪಟ್ಟಿಗಿಂತ ಹೆಚ್ಚು. ಆಕಾಶದ ಉಳದ ಗದ್ದಲ ಅದೇ ಆವರ್ತನದಾಗ ಸಾವಿರಾರು ಕೆಲ್ವಿನ್. ಆಂಟೆನಾದ ಕೆಳಗಿನ ನೆಲ ಒಂದ ನಮೂನಿ ಇರಲಿಲ್ಲಂದ್ರ ಅಲ್ಲಿಂದ ತಿರುಗಿ ಬರೂ ಅಲಿಯೇ ಇಂಥಾ ತಗ್ಗು ಮಾಡಬಹುದು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವ್ರು ಅದಕ್ಕ ಸಾರಸ್ 3 ಆಂಟೆನಾನ ನೀರಿನ ಮ್ಯಾಲ ತೇಲಿ ಬಿಟ್ರು, 2020ರ ಮೊದಲ ತಿಂಗಳುಗಳೊಳಗ, ದಂಡಿಗಾನಹಳ್ಳಿ ಕೆರಿ ಮತ್ತ ಶರಾವತಿ ಹಿನ್ನೀರಿನ್ಯಾಗ. ನೀರು ಆಂಟೆನಾದ ಕೆಳಗ ಎಲ್ಲಾ ಕಡೆ ಒಂದ ಗುಣದ್ದು, ನೆಲದ ತಂಟೆ ಇಲ್ಲ. 2022ರಾಗ ಫಲಿತಾಂಶ ಬಂತು: ಎಡ್ಜಸ್ ಹೇಳಿದ ಆಕಾರದ ತಗ್ಗು ಇಲ್ಲ, 95.3% ಖಾತ್ರಿಯೊಳಗ. ಅದಕ್ಕ "ಹೇಳಿಕೆ 2018, ಶರಾವತಿ ಹಿನ್ನೀರಿನ ಅಳತಿಯಿಂದ ತಳ್ಳಿಹಾಕಿದ್ದು 2022" ಅಂತ ಬರೀರಿ. ನಮ್ಮ ರಾಜ್ಯದ ನೀರಿನ ಮ್ಯಾಲ ಆದ ಕೆಲಸ, ಹುಡುಗರಿಗೆ ಗೊತ್ತಿರಲಿ. ಎಫ್ಎಂ ಪಟ್ಟಿ 88ರಿಂದ 108 ಅಂದ್ರ ರೆಡ್‌ಶಿಫ್ಟ್ 15ರಿಂದ 12, ಹಿಂಗಾಗಿ ಊರ ಹತ್ತರ ಈ ಪ್ರಯೋಗ ನಡಿಯಂಗಿಲ್ಲ.

ಜೇಮ್ಸ್ ವೆಬ್ ಮೊದಲ ಚಿಕ್ಕಿ ಕಂಡೈತಿ ಅಂತನೂ ಬರೀಬ್ಯಾಡ್ರಿ. ರೆಡ್‌ಶಿಫ್ಟ್ 14 ದಾಟಿದ ಜೇಡ್ಸ್-ಜಿಎಸ್-ಝಡ್14-0 ಗ್ಯಾಲಕ್ಸಿ ವಿಶ್ವಕ್ಕ 30 ಕೋಟಿ ವರ್ಷ ತುಂಬೂದ್ರಾಗಿಂದು, ಆದ್ರ 2025ರಾಗ ಅಲ್ಮಾ ದೂರದರ್ಶಕ ಅದರಾಗೂ ಆಕ್ಸಿಜನ್ ಹಿಡೀತು. ಆಕ್ಸಿಜನ್ ಐತಿ ಅಂದ್ರ ಅದಕ್ಕೂ ಮೊದಲೊಂದು ಪೀಳಿಗಿ ಉರದು ಸತ್ತೈತಿ. ಆ ಸತ್ತಾವ್ರ ಬೂದಿ ನಮ್ಮ ಗ್ಯಾಲಕ್ಸಿಯ ಹಳೇ ಚಿಕ್ಕಿಯೊಳಗ ಹುಡಕತಾರ: 2014ರಾಗ ಸ್ಕೈಮ್ಯಾಪರ್ ದೂರದರ್ಶಕಕ್ಕ ಸಿಕ್ಕ ಒಂದು ಚಿಕ್ಕಿಯೊಳಗ ಕಬ್ಬಿಣ ಸೂರ್ಯನ ಒಂದು ಕೋಟಿಯೊಳಗ ಒಂದು ಪಾಲಿಗಿಂತ ಕಡಿಮಿ.

ಮತ್ತ ಬಣ್ಣ. ಹಳೇ ಚಿಕ್ಕಿ ಅಂತ ಕೆಂಪು ಬಳದಿದ್ರ ಅಳಿಸ್ರಿ. ಭಾರದ ಚಿಕ್ಕಿ ಮಾಮೂಲಿಯಾಗಿ ಕಾರ್ಬನ್ ನೆರವಿನಿಂದ ಹೈಡ್ರೋಜನ್ ಉರಸತೈತಿ; ಕಾರ್ಬನ್ ಇಲ್ಲದ್ದಕ್ಕ ಇಂಥಾ ಚಿಕ್ಕಿ ಆ ಹಾದಿಯೊಳಗ ಸಾಕಷ್ಟು ಉರಿ ಮಾಡಲಾರದ ಕುಗ್ಗತ ಹೋಗತೈತಿ. ನಡುವಿನ ತಾಪ 10 ಕೋಟಿ ಕೆಲ್ವಿನ್ ಮುಟ್ಟಿ, ಹೀಲಿಯಂನಿಂದ ತಾನ ಚೂರು ಕಾರ್ಬನ್ ಮಾಡಿಕೊಂಡ ಮ್ಯಾಲ ನಿಂದರ್ತೈತಿ. ಹಂಗ ಕುಗ್ಗಿದ್ದಕ್ಕ ಮೈ ತಾಪ ಸುಮಾರು 1 ಲಕ್ಷ ಕೆಲ್ವಿನ್, ಸೂರ್ಯನದು 5800. ತಿಳಿ ನೀಲಿ ಬಳೀರಿ, ಪಕ್ಕದಾಗ "ಬೆಳಕು ಬಹುಪಾಲು ನೇರಳಾತೀತ, ಆಯುಷ್ಯ 30 ಲಕ್ಷ ವರ್ಷ" ಅಂತ ಹಾಕ್ರಿ.